ಸ್ಪ್ಯಾನಿಷ್‌ನ 'ತೂ' ಆಜ್ಞಾರೂಪ: ಒಂದು ಸ್ಪಷ್ಟನೆ

ಸ್ಪ್ಯಾನಿಷ್‌ನಲ್ಲಿ ಆತ್ಮೀಯರಿಗೆ ಏಕವಚನದಲ್ಲಿ ಆಜ್ಞೆ ಹೇಳಲು ವರ್ತಮಾನಕಾಲದ 'ತೂ' (ನೀನು) ರೂಪದ ಕೊನೆಯ 'ಸ್' ತೆಗೆದರೆ ಸಾಕು, ನಿಷೇಧಕ್ಕೆ ಅದರ ಮೊದಲು 'ನೋ' ಇಟ್ಟರಾಯಿತು ಎಂಬ ಸೂತ್ರವೊಂದು ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ಸರಿ.

'ಆಬ್ಲಾಸ್' (ಮಾತಾಡುತ್ತೀಯೆ) ಎಂಬುದು 'ಆಬ್ಲಾ' (ಮಾತಾಡು) ಆಗುವುದು ನಿಜ. ಆದರೆ ಬಹುಬಳಕೆಯ ಎಂಟು ಕ್ರಿಯಾಪದಗಳು ಈ ಸೂತ್ರಕ್ಕೆ ಒಗ್ಗುವುದಿಲ್ಲ: ದಿ (ಹೇಳು), ಆಸ್ (ಮಾಡು), ಬೆ (ಹೋಗು), ಪೋನ್ (ಇಡು), ಸಾಲ್ (ಹೊರಡು), ಸೆ (ಆಗಿರು), ತೆನ್ (ಇಟ್ಟುಕೊ), ಬೆನ್ (ಬಾ). ದಿನವೂ ಬಾಯಿಗೆ ಬರುವ ಮಾತುಗಳೇ ಇವಾದ್ದರಿಂದ ಬಾಯಿಪಾಠ ಮಾಡುವುದೇ ಮೇಲು.

ಹೆಚ್ಚಿನ ತಪ್ಪು ಇರುವುದು ನಿಷೇಧದಲ್ಲಿ. 'ನೋ ಆಬ್ಲಾ' ಎಂದರೆ 'ಅವನು ಮಾತಾಡುವುದಿಲ್ಲ' ಎಂಬ ಹೇಳಿಕೆಯಾಗುತ್ತದೆಯೇ ಹೊರತು ಆಜ್ಞೆಯಾಗುವುದಿಲ್ಲ. ಅಲ್ಲಿ ಸಂಭಾವನಾರ್ಥದ (ಆಸೆ, ಸಂದೇಹ, ಸಾಧ್ಯತೆಗಳನ್ನು ಹೇಳುವ ಸಬ್‌ಜಂಕ್ಟಿವ್) ರೂಪವೇ ಬೇಕು: 'ನೋ ಆಬ್ಲೆಸ್' (ಮಾತಾಡಬೇಡ), 'ನೋ ಕೋಮಾಸ್' (ತಿನ್ನಬೇಡ). ಕನ್ನಡದಲ್ಲೂ 'ತಿನ್ನು' ಎಂಬುದಕ್ಕೆ 'ಇಲ್ಲ' ಅಂಟಿಸಿ ನಿಷೇಧ ಮಾಡಲಾಗದು, 'ತಿನ್ನಬೇಡ' ಎಂದು ರೂಪವನ್ನೇ ಬದಲಿಸುತ್ತೇವೆ ಎಂಬುದನ್ನು ನೆನೆದರೆ ಈ ವ್ಯತ್ಯಾಸ ನಮಗೆ ಅಪರಿಚಿತವೆನಿಸದು. ಸರ್ವನಾಮದ ಸ್ಥಾನವೂ ಬದಲಾಗುತ್ತದೆ: 'ದೀಮೆ' (ನನಗೆ ಹೇಳು) ಎಂಬಲ್ಲಿ 'ಮೆ' ಕ್ರಿಯಾಪದದ ಕೊನೆಗೆ ಸೇರಿದರೆ, 'ನೋ ಮೆ ದೀಗಾಸ್' (ನನಗೆ ಹೇಳಬೇಡ) ಎಂಬಲ್ಲಿ ಮೊದಲೇ ಬರುತ್ತದೆ.

ಅರ್ಜೆಂಟೀನಾದಲ್ಲಿ 'ತೂ' ಬದಲು ಅದೇ ಅರ್ಥದ 'ಬೋಸ್' ಬಳಕೆಯಲ್ಲಿರುವುದರಿಂದ ಅಲ್ಲಿ ಒತ್ತು ಕೊನೆಯ ಅಕ್ಷರದ ಮೇಲೆ ಬಿದ್ದು 'ಆಬ್ಲಾ' ಎಂಬುದು ಬೇರೆಯಾಗಿಯೇ ಕೇಳಿಸುತ್ತದೆ.