ಹತ್ತು ರೂಪಾಯಿಯ ಸಂಶೋಧನೆ

ನೋವಿನ ಗುಳಿಗೆಯಿಂದ ಒಬ್ಬ ಮನುಷ್ಯನಿಗೆ ದಮ್ಮು ಏಳುತ್ತದೆಯೋ ಇಲ್ಲವೋ ಎಂದು ನೋಡಲು ಪರದೇಶದ ಡಾಕ್ಟರುಗಳು ಪಡುವ ಪಾಡು ಕಂಡರೆ ಅಯ್ಯೋ ಅನಿಸುತ್ತದೆ. ರೋಗಿಯನ್ನು ಆಸ್ಪತ್ರೆಯಲ್ಲಿ ಕೂರಿಸಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕು, ಆಸ್ಪಿರಿನ್ನನ್ನು ಚೂರುಚೂರೇ ಕೊಡಬೇಕು, ಆಗಾಗ ಕೊಳವೆಯಲ್ಲಿ ಊದಿಸಿ ಉಸಿರು ಅಳೆಯಬೇಕು. ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿ ನೂರಕ್ಕೆ 20ರಷ್ಟು ಇಳಿಯಿತೋ, ಅಲ್ಲಿಗೆ ಪ್ರಯೋಗ ಬಂದ್. ಪಕ್ಕದಲ್ಲೇ ಆಕ್ಸಿಜನ್ನು, ಸೂಜಿಮದ್ದು ಸಜ್ಜಾಗಿರಬೇಕು.

ನಮ್ಮ ಹುಬ್ಬಳ್ಳಿಯಲ್ಲಿ ಈ ರಗಳೆ ಇಲ್ಲ. ಇದೇ ಪ್ರಯೋಗ ಇಲ್ಲಿ ಓಣಿಗೊಂದರಂತೆ, ಸಂಜೆ ಏಳರ ಗದ್ದಲದಲ್ಲಿ, ಹತ್ತು ರೂಪಾಯಿಗೆ ನಿಂತ ನಿಲುವಿನಲ್ಲೇ ಮುಗಿಯುತ್ತದೆ.

"ಟೊಂಕ ಹಿಡದೈತಿ, ಏನರ ಕೊಡಪಾ."

"ಊಟಾ ಆಗೇತಿಲ್ರೀ ಕಾಕಾ?"

ವಿಚಾರಣೆ ಇಷ್ಟೇ. ದಮ್ಮು ಐತೇನು, ಮೂಗಿನಾಗ ಮಾಂಸ ಬೆಳದೈತೇನು, ಹಿಂದಕ್ಕ ಯಾವುದರ ಗುಳಿಗಿ ನುಂಗಿ ಎದಿ ಬಿಗಿದಿತ್ತೇನು ಎಂದೆಲ್ಲ ಕೇಳಲು ಅಂಗಡಿಯವನೇನು ಕನ್ಯಾ ನೋಡಲು ಬಂದ ಬೀಗನೇ? ಕತ್ತರಿ ಹೊರಬರುತ್ತದೆ. ಹತ್ತು ಗುಳಿಗೆಯ ಪಟ್ಟಿಯಿಂದ ಎರಡನ್ನು ಕಚಕ್ಕನೆ ಕತ್ತರಿಸುತ್ತಾನೆ. ತಾರೀಖು, ಕಂಪನಿ, ಡಾಕ್ಟರ ಚೀಟಿ ಇಲ್ಲದೆ ಮಾರಕೂಡದೆಂಬ ಸಾಲು ಎಲ್ಲವೂ ಅಂಗಡಿಯಲ್ಲೇ ಉಳಿದು, ಕಾಕಾನ ಪಾಲಿಗೆ ಬಂದ ತುಂಡಿನ ಬೆನ್ನ ಮೇಲೆ "ಫೆನಾಕ್" ಅಂತಷ್ಟೇ ಇರುತ್ತದೆ. ಡೈಕ್ಲೋಫೆನಾಕೋ ಅಸಿಕ್ಲೋಫೆನಾಕೋ, ಯಾವ ನೋವಿನ ಗುಳಿಗೆಯೋ, ಬಲ್ಲವರೇ ಬಲ್ಲರು. ಜೊತೆಗೊಂದು ಹಳದಿ, ಒಂದು ಬಿಳಿ. ಸಣ್ಣ ಕಾಗದದ ಪೊಟ್ಟಣದಲ್ಲಿ "ಒಂದು ಸೆಟ್" ತಯಾರು.

ನೋವಿನ ಗುಳಿಗೆ ಕೆಲವರಿಗೆ ದಮ್ಮು ಎಬ್ಬಿಸುತ್ತದೆಂಬ ಗುಟ್ಟು ನಿನ್ನೆ ಮೊನ್ನೆ ಹೊರಬಿದ್ದದ್ದೇನಲ್ಲ. ದಮ್ಮು, ಮೂಗಿನ ದುರ್ಮಾಂಸ, ಆಸ್ಪಿರಿನ್ ಒಗ್ಗದಿರುವಿಕೆ ಮೂರೂ ಕೂಡಿ ಬರುವುದನ್ನು 1922ರಲ್ಲೇ ಪ್ಯಾರಿಸ್ಸಿನ ವಿಡಾಲ್ ಮತ್ತು ಸಂಗಡಿಗರು ಬರೆದಿಟ್ಟರು. ಕಾಕ್ಸ್ ಎಂಬ ಕಿಣ್ವವನ್ನು ಕಟ್ಟಿಹಾಕುವ ಗುಳಿಗೆಗಳೇ ಇಂಥವರ ಎದೆ ಬಿಗಿಸುತ್ತವೆಂದು 1975ರಲ್ಲಿ ಪೋಲೆಂಡಿನ ಕ್ರಾಕೋವ್ ಊರಿನ ಶ್ಚೆಕ್ಲಿಕ್ ತಂಡ ಹೇಳಿತು. ಐಬುಪ್ರೊಫೇನು, ಡೈಕ್ಲೋಫೆನಾಕು ಎಲ್ಲ ಅದೇ ಮನೆತನ. ಕಾಕ್ಸ್ ಕಟ್ಟುಬಿದ್ದೊಡನೆ ಶ್ವಾಸನಾಳ ಹಿಂಡುವ ಲ್ಯೂಕೋಟ್ರಯೀನ್‌ ಎಂಬ ರಾಸಾಯನಿಕಗಳ ಕೈ ಮೇಲಾಗುತ್ತದೆ. ದಮ್ಮಿರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಮಂದಿಯ ಹಣೆಬರಹ ಇದು. ದಮ್ಮು ಜೋರಾಗಿದ್ದವರಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಓಣಿ ಓಣಿಯ ಸಂಶೋಧನೆಯ ಫಲಿತಾಂಶ ಎಲ್ಲಿ ಹೋಯಿತು? ಧೂಳಿನಲ್ಲಿ. ಗುಳಿಗೆ ನುಂಗಿ ಅರ್ಧ ತಾಸಿಗೋ ಎರಡು ತಾಸಿಗೋ ಮೂಗು ಸೋರಿ, ಕಣ್ಣು ಕೆಂಪಾಗಿ, ಎದೆ ಸುಂಯ್‌ ಅಂದರೂ ಮನೆಮಂದಿಯೆಲ್ಲ ಒಕ್ಕೊರಲಿನಿಂದ "ರಸ್ತೆ ಅಗದಾರಲ್ರೀ, ಧೂಳ್ರೀ" ಅನ್ನುತ್ತಾರೆ. ಮೂಗಿನ ದುರ್ಮಾಂಸದಿಂದ ವಾಸನೆ ಕಟ್ಟಿ, ಧಾರವಾಡದ ಲೈನ್ ಬಜಾರಿನಲ್ಲಿ ನಿಂತರೂ ಪೇಡೆಯ ವಾಸನೆ ಬರವಲ್ದು ಅಂದರೆ ಅದಕ್ಕೂ ಧೂಳು. ಪಾಲಿಕೆಗೂ ಗುತ್ತಿಗೆದಾರರಿಗೂ ನಾವು ದಿನಾ ಸಲ್ಲಿಸುವ ಬೈಗುಳದಲ್ಲಿ ನಾಲ್ಕಾದರೂ ನ್ಯಾಯವಾಗಿ ಗುಳಿಗೆಗೆ ಸಲ್ಲಬೇಕಾದವು. (ಉಳಿದವು ಪಾಲಿಕೆಯಲ್ಲೇ ಇರಲಿ, ವಾಪಸು ಬೇಡ.)

ಸರ್ಕಾರಕ್ಕೆ ಕರುಳಿಲ್ಲ ಅನ್ನುವ ಹಾಗೂ ಇಲ್ಲ. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಲ್ಲಿಸಿತು. ಮದ್ದು ಕಂಡ ದನದ ಹೆಣ ತಿಂದು ರಣಹದ್ದುಗಳು ಸಾಯುತ್ತಿದ್ದವು. ಒಳ್ಳೆಯದೇ ಆಯಿತು. ಕಾಕಾ ಹದ್ದಾಗಿ ಹುಟ್ಟಲಿಲ್ಲ, ಅದಕ್ಕೆ ಯಾರೇನು ಮಾಡಲಾದೀತು?

ರಾತ್ರಿ ಹತ್ತಕ್ಕೆ, ಇನ್ನೇನು ಶಟರ್ ಎಳೆಯಬೇಕು, ಕಾಕಾನ ಮಗ ಏದುಸಿರು ಬಿಡುತ್ತ ಅದೇ ಅಂಗಡಿಗೆ ಓಡಿ ಬರುತ್ತಾನೆ.

"ಅಪ್ಪಗ ದಮ್ಮು ಹತ್ತೇತ್ರಿ, ಲಗೂನ ಬಾಯಿಗೆ ಹೊಡಕೊಳ್ಳೋ ಪಂಪ್ ಕೊಡ್ರಿ."

ಅಂಗಡಿಯವನು ಕತ್ತರಿ ಡ್ರಾವರಿನೊಳಗೆ ಇಟ್ಟು, ಕನ್ನಡಕ ಏರಿಸಿಕೊಂಡು, ಕಾಯ್ದೆ ನೆನಪಾದವನಂತೆ ಕೇಳುತ್ತಾನೆ:

"ಡಾಕ್ಟರ್ ಚೀಟಿ ತಂದಿಯೇನಪಾ?"