ಮೂವತ್ತೈದನೇ ಕ್ಷೇತ್ರಕ್ಕೆ ಮುಹೂರ್ತ ಕೂಡಿಬರಲಿಲ್ಲ

ಅಮೆರಿಕದವರು ಪಂಚಾಂಗ ನೋಡುವುದಿಲ್ಲ ಅಂತ ಯಾರು ಹೇಳಿದ್ದು? ಮಿಷಿಗನ್ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ, ಗವರ್ನರ್ ಕಚೇರಿಯ ಯಾವುದೋ ಮೇಜಿನ ಖಾನೆಯಲ್ಲಿ ಒಂದು ಪಂಚಾಂಗ ಇರಲೇಬೇಕು. ಇಲ್ಲದಿದ್ದರೆ ಒಂದೇ ಒಂದು ಉಪಚುನಾವಣೆಗೆ ದಿನ ಗೊತ್ತುಮಾಡಲು ಸುಮಾರು ಎಂಟು ತಿಂಗಳು ಯಾಕೆ ಹಿಡಿಯುತ್ತಿತ್ತು?

ವಿಷಯ ಮಿಷಿಗನ್ ರಾಜ್ಯ ಸೆನೆಟ್‌ನ, ಅಂದರೆ ಅಲ್ಲಿನ ಶಾಸನಸಭೆಯ ಮೇಲ್ಮನೆಯ, 35ನೇ ಕ್ಷೇತ್ರದ್ದು. ಸ್ಯಾಗಿನಾ, ಬೇ ಸಿಟಿ, ಮಿಡ್‌ಲ್ಯಾಂಡ್ ಸೇರಿದ ಸೀಮೆ. ಸ್ಯಾಗಿನಾದಲ್ಲಿ ಸ್ಟೀವಿ ವಂಡರ್ ಹುಟ್ಟಿದ್ದು, ಬೇ ಸಿಟಿಯಲ್ಲಿ ಮಡೋನಾ ಹುಟ್ಟಿದ್ದು, ಮಿಡ್‌ಲ್ಯಾಂಡಿನಲ್ಲಿ ಡೌ ಕೆಮಿಕಲ್ ಕಂಪನಿ ಹುಟ್ಟಿದ್ದು. ಇಷ್ಟೆಲ್ಲ ಹುಟ್ಟಿದ ನೆಲದಲ್ಲಿ ಒಬ್ಬ ಸೆನೆಟರ್ ಮಾತ್ರ ಹುಟ್ಟಲೊಲ್ಲ. 2022ರಲ್ಲಿ ಇಲ್ಲಿಂದ ಗೆದ್ದಿದ್ದ ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟನ್ ಮೆಕ್‌ಡೊನಾಲ್ಡ್ ರಿವೆಟ್ 2024ರ ನವೆಂಬರ್‌ನಲ್ಲಿ ವಾಷಿಂಗ್ಟನ್ನಿನ ಸಂಸತ್ತಿಗೆ ಆರಿಸಿ ಹೋದರು. 2025ರ ಜನವರಿ 3ಕ್ಕೆ ಇಲ್ಲಿನ ಕುರ್ಚಿ ಬಿಟ್ಟರು. ಅದೇ ಪಕ್ಷದ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು) ಗ್ರೆಚೆನ್ ವಿಟ್ಮರ್ ಅವರಿಗೆ ಚುನಾವಣೆಯ ದಿನ ಹೊಳೆದದ್ದು ಆಗಸ್ಟ್ ಕೊನೆಗೆ. ಆಗಲೂ ಹೊಳೆದ ದಿನ ಯಾವುದು? 2026ರ ಫೆಬ್ರುವರಿ 3ಕ್ಕೆ ಪ್ರೈಮರಿ (ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಸುತ್ತು), ಮೇ 5ಕ್ಕೆ ಚುನಾವಣೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಹದಿನಾರು ತಿಂಗಳು ಹೇಳೋರಿಲ್ಲ, ಕೇಳೋರಿಲ್ಲ.

ಸೆನೆಟರ್‌ನ ಸಂಬಳ ವರ್ಷಕ್ಕೆ 71,685 ಡಾಲರ್. ಅದಷ್ಟೂ ಉಳಿತಾಯವಾಯಿತಲ್ಲ ಎಂದು ಸಮಾಧಾನ ಪಡುವವರು ಪಡಬಹುದು. ತೆರಿಗೆ ಕಟ್ಟುವವರಿಗೆ ಮಾತ್ರ ಆ ಹದಿನಾರು ತಿಂಗಳಲ್ಲಿ ರಿಯಾಯಿತಿ ಸಿಕ್ಕ ಸುದ್ದಿ ಇಲ್ಲ.

ಮಿಡ್‌ಲ್ಯಾಂಡಿನವರಿಗೆ ಕಾಯುವ ಅಭ್ಯಾಸವೂ ಅಷ್ಟಿಲ್ಲ. 2020ರ ಮೇ 19ರಂದು ಮೇಲ್ಗಡೆಯ ಈಡನ್‌ವಿಲ್ ಅಣೆಕಟ್ಟು ಒಡೆದು ಟಿಟ್ಟಬವಾಸಿ ನದಿ ಊರೊಳಗೆ ನುಗ್ಗಿತು. ಸಾವಿರಾರು ಜನ ಮನೆ ಬಿಟ್ಟು ಓಡಿದರು. ನದಿ ರಾಹುಕಾಲ ನೋಡಿಕೊಂಡು ಬಂದಿರಲಿಲ್ಲ.

ಕಾನೂನು ಏನನ್ನುತ್ತದೆ ಅಂದರೆ, ಬಹಳ ಚೆನ್ನಾಗಿ ಅನ್ನುತ್ತದೆ. ಶಾಸನಸಭೆಯ ಸ್ಥಾನ ತೆರವಾದರೆ ಗವರ್ನರ್ ಚುನಾವಣೆಗೆ ಆದೇಶ ಹೊರಡಿಸತಕ್ಕದ್ದು ಎಂದು ಮಿಷಿಗನ್ ಸಂವಿಧಾನದಲ್ಲೇ ಬರೆದಿದೆ. ಎಷ್ಟು ದಿನದೊಳಗೆ ಎಂದು ಬರೆಯುವುದನ್ನು ಮರೆತಿದ್ದಾರೆ. ಸಾಲ ತೀರಿಸತಕ್ಕದ್ದು ಎಂದು ಪತ್ರ ಬರೆಸಿಕೊಂಡು ತಾರೀಖು ಹಾಕಿಸದೆ ಬಿಟ್ಟರೆ ಸಾಲಗಾರ ಎಷ್ಟು ಸೌಜನ್ಯದಿಂದ ನಗುತ್ತಾನೋ, ಅಷ್ಟೇ ಸೌಜನ್ಯದಿಂದ ಗವರ್ನರ್ ಕಚೇರಿ ನಕ್ಕಿತು. (ಬೆಂಗಳೂರಿನವರು ಇಲ್ಲಿ ಜೋರಾಗಿ ನಗುವ ಹಾಗಿಲ್ಲ. ನಮ್ಮ ಪಾಲಿಕೆಯ ಸದಸ್ಯರು 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದಮೇಲೆ ನಾವು ನೋಡಿದ ಮುಹೂರ್ತಗಳಿಗೆ ಲೆಕ್ಕವುಂಟೆ?)

ಇನ್ನು ಲೆಕ್ಕಕ್ಕೆ ಬರೋಣ, ಮಜಾ ಇರುವುದೇ ಅಲ್ಲಿ. ಸೆನೆಟ್‌ನಲ್ಲಿ ಒಟ್ಟು 38 ಸ್ಥಾನ. ಡೆಮಾಕ್ರಟರು 20, ರಿಪಬ್ಲಿಕನ್ನರು 18. ರಿವೆಟ್ ಹೋದಮೇಲೆ 19, 18. ಅಯ್ಯೋ, ಗವರ್ನರ್ ಪಕ್ಷಕ್ಕೆ ಒಂದು ಮತ ನಷ್ಟವಾಯಿತಲ್ಲ ಎಂದು ಮರುಗಬೇಡಿ. ಮಸೂದೆ ಪಾಸಾಗಲು ಬೇಕಾದದ್ದು ಆರಿಸಿಬಂದು ಸದ್ಯ ಸ್ಥಾನದಲ್ಲಿ ಇರುವ ಸದಸ್ಯರ ಬಹುಮತ. 38 ಜನರಿದ್ದರೆ 20 ಮತ ಬೇಕು. 37 ಜನರಿದ್ದರೆ 19 ಸಾಕು. ಡೆಮಾಕ್ರಟರ ಕೈಯಲ್ಲಿ ಉಳಿದದ್ದೂ ಸರಿಯಾಗಿ 19. ಒಂದು ಹಲ್ಲು ಬಿದ್ದರೂ ಅಗಿಯುವುದಕ್ಕೇನೂ ತೊಂದರೆಯಿಲ್ಲ. ಚುನಾವಣೆ ಮಾಡಿಸಿದರೋ, ಗೆದ್ದರೆ ಮತ್ತೆ 20, ಅಂದರೆ ಮೊದಲಿದ್ದಷ್ಟೇ. ಸೋತರೆ 19-19, ಪ್ರತಿ ಜಗಳಕ್ಕೂ ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ಜೊತೆಗೇ ಆರಿಸಿಬರುವ ಉಪಗವರ್ನರ್) ಓಡಿಬಂದು ನಿರ್ಣಾಯಕ ಮತ ಹಾಕಬೇಕು. ಗೆದ್ದರೆ ಲಾಭವಿಲ್ಲ, ಸೋತರೆ ನಷ್ಟ. ಇಂಥ ವ್ಯಾಪಾರಕ್ಕೆ ಯಾವ ಶೆಟ್ಟರು ಬೇಗ ಅಂಗಡಿ ತೆರೆಯುತ್ತಾರೆ?

2025ರ ಅಕ್ಟೋಬರ್‌ನಲ್ಲಿ ರಸ್ತೆ ರಿಪೇರಿಗೆ ದುಡ್ಡು ಹೊಂದಿಸಲು ಗಾಂಜಾದ ಸಗಟು ಮಾರಾಟದ ಮೇಲೆ ಶೇ. 24 ತೆರಿಗೆ ಹಾಕುವ ಮಸೂದೆ ಸೆನೆಟ್ ಮುಂದೆ ಬಂತು. 19-17ರಲ್ಲಿ ಪಾಸಾಯಿತು. 38 ಸ್ಥಾನವೂ ಭರ್ತಿ ಇದ್ದಿದ್ದರೆ ಇನ್ನೊಂದು ಮತ ಬೇಕಿತ್ತು. ಅಂದರೆ 35ನೇ ಕ್ಷೇತ್ರದವರು ಮತ ಹಾಕದೆಯೂ ಫಲಿತಾಂಶಕ್ಕೆ ತಮ್ಮ ಕಾಣಿಕೆ ಸಲ್ಲಿಸಿದರು. ಬೇ ಸಿಟಿಯ ಗಾಂಜಾ ಅಂಗಡಿಯವನು ಇದರ ಬಗ್ಗೆ ತನ್ನ ಸೆನೆಟರ್‌ಗೆ ಎರಡು ಮಾತು ಹೇಳೋಣವೆಂದರೆ, ಹೇಳುವುದು ಯಾರಿಗೆ?

ಹಾಗಂತ ಗವರ್ನರ್ ಅವರಿಗೆ ಬೇಗ ದಿನ ಹುಡುಕಲು ಬರುವುದೇ ಇಲ್ಲ ಎನ್ನುವುದು ಅಪಚಾರ. 2023ರ ನವೆಂಬರ್‌ನಲ್ಲಿ ಕೆಳಮನೆಯ ಇಬ್ಬರು ಡೆಮಾಕ್ರಟರು ವಾರನ್ ಮತ್ತು ವೆಸ್ಟ್‌ಲ್ಯಾಂಡ್ ಊರುಗಳ ಮೇಯರ್‌ಗಳಾಗಿ ಗೆದ್ದು ಸ್ಥಾನ ಬಿಟ್ಟರು. ಸದನ 54-54 ಆಗಿ ತಕ್ಕಡಿ ನೆಟ್ಟಗೆ ನಿಂತಿತು. ಆಗ ಪಂಚಾಂಗದ ಹಾಳೆಗಳು ಸರಸರ ತಿರುಗಿದವು. ಜನವರಿ 30ಕ್ಕೆ ಪ್ರೈಮರಿ, ಏಪ್ರಿಲ್ 16ಕ್ಕೆ ಚುನಾವಣೆ, ಮುಗಿಯಿತು. ಎರಡೂ ಡೆಮಾಕ್ರಟರ ಭದ್ರಕೋಟೆ ಎಂಬುದು ಬರೀ ಗ್ರಹಗತಿಯ ಯೋಗಾಯೋಗ ಅಂದುಕೊಳ್ಳಿ.

ರಿಪಬ್ಲಿಕನ್ನರು ಈಗ ಪ್ರಜಾಪ್ರಭುತ್ವದ ಹೆಸರಲ್ಲಿ ಎದೆ ಬಡಿದುಕೊಳ್ಳುತ್ತಿದ್ದಾರೆ. ಅವರ ಮನೆಯಲ್ಲೂ ಇದೇ ಪಂಚಾಂಗದ ಹಳೇ ಪ್ರತಿಯೊಂದು ಇದೆ. 2017ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್‌ನ ಡೆಮಾಕ್ರಟಿಕ್ ಸಂಸದ ಜಾನ್ ಕಾನ್ಯರ್ಸ್ ರಾಜೀನಾಮೆ ಕೊಟ್ಟಾಗ ಗವರ್ನರ್ ಆಗಿದ್ದವರು ರಿಪಬ್ಲಿಕನ್ ರಿಕ್ ಸ್ನೈಡರ್. ಅವರು ಕೊಟ್ಟ ದಿನ 2018ರ ನವೆಂಬರ್, ಹನ್ನೊಂದು ತಿಂಗಳು ಬಿಟ್ಟು, ಸಾರ್ವತ್ರಿಕ ಚುನಾವಣೆಯ ದಿನವೇ. ಉಳಿದ ಅವಧಿಗೆ ಗೆದ್ದ ಬ್ರೆಂಡಾ ಜೋನ್ಸ್ ಸಂಸತ್ತಿನಲ್ಲಿ ಕೂತದ್ದು ಸುಮಾರು ಐದು ವಾರ. ಅಷ್ಟರಲ್ಲಿ ಶೌಚಾಲಯ ಯಾವ ಕಡೆಗಿದೆ ಎಂದು ಗೊತ್ತಾಗಿರಬಹುದು.

ನನಗೆ ನಿಜವಾಗಿ ಬೇಜಾರಾಗುವುದು ಬೇರೆ ಕಾರಣಕ್ಕೆ. ಮಿಷಿಗನ್ ಜನ 2018ರಲ್ಲಿ ಮತ ಹಾಕಿ, ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು ರಾಜಕಾರಣಿಗಳ ಕೈಯಿಂದ ಕಿತ್ತುಕೊಂಡು 13 ಜನ ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟಿದ್ದರು. ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಆ ನಕ್ಷೆಯಲ್ಲಿ ಮೊದಲ ಚುನಾವಣೆ ನಡೆದದ್ದು 2022ರಲ್ಲಿ. 35ನೇ ಕ್ಷೇತ್ರ ಯಾರ ಜಹಗೀರೂ ಅಲ್ಲದೆ, ಯಾರು ಬೇಕಾದರೂ ಗೆಲ್ಲಬಹುದಾದ ಕ್ಷೇತ್ರವಾಯಿತು. ಅದರ ಪಾಪಕ್ಕೆ ಈಗ ಪ್ರಾಯಶ್ಚಿತ್ತ. ಒಂದೇ ಪಕ್ಷಕ್ಕೆ ಕಣ್ಣುಮುಚ್ಚಿ ಒತ್ತುವ ಊರಿಗೆ ಐದೇ ತಿಂಗಳಲ್ಲಿ ಪ್ರತಿನಿಧಿ ಸಿಗುತ್ತಾನೆ. ಯೋಚನೆ ಮಾಡಿ ಮತ ಹಾಕುವ ಊರು ಹದಿನಾರು ತಿಂಗಳು ಕಾಯಬೇಕು. ಇನ್ನು ಮಿಷಿಗನ್ ಸರೋವರದ ಆಚೆ ದಡದ ಇಲಿನಾಯ್‌ನಲ್ಲಿ ಈ ತಲೆನೋವೇ ಇಲ್ಲ. ಅಲ್ಲಿ ರಾಜ್ಯ ಸೆನೆಟ್ ಸ್ಥಾನ ಖಾಲಿಯಾದರೆ ಅದೇ ಪಕ್ಷದ ಸ್ಥಳೀಯ ಮುಖಂಡರು ಕೂತು 30 ದಿನದೊಳಗೆ ತಮ್ಮವರೊಬ್ಬರನ್ನು ನೇಮಿಸಿಬಿಡುತ್ತಾರೆ. ಮತದಾರನಿಗೆ ಓಡಾಡುವ ತೊಂದರೆ ತಪ್ಪಿತು.

ಸ್ಯಾಗಿನಾದ ಮತದಾರನಿಗೆ ಮಾತ್ರ ಬಾಕಿಯೆಲ್ಲ ಬಡ್ಡಿಸಮೇತ ಒಟ್ಟಿಗೇ ಬರುತ್ತದೆ. 2025 ಪೂರ್ತಿ ಈ ಕುರ್ಚಿಗೆ ಒಂದು ಮತವೂ ಇಲ್ಲ. 2026ರಲ್ಲಿ ನಾಲ್ಕು ಸಲ. ಫೆಬ್ರುವರಿ 3ರ ಹಿಮದಲ್ಲಿ ಉಪಚುನಾವಣೆಯ ಪ್ರೈಮರಿ, ಮೇ 5ಕ್ಕೆ ಉಪಚುನಾವಣೆ. ಗೆದ್ದವರ ಅವಧಿ ವರ್ಷದ ಕೊನೆಗೇ ಮುಗಿಯುವುದರಿಂದ ಆಗಸ್ಟ್ 4ಕ್ಕೆ ಮುಂದಿನ ಅವಧಿಯ ಪ್ರೈಮರಿ, ನವೆಂಬರ್ 3ಕ್ಕೆ ಮತ್ತೆ ಚುನಾವಣೆ. ಆಗಸ್ಟ್ ಪ್ರೈಮರಿಗೆ ಅರ್ಜಿ ಹಾಕುವ ಕೊನೆಯ ದಿನ ಏಪ್ರಿಲ್ 21, ಸಂಜೆ 4 ಗಂಟೆ. ಆದ್ದರಿಂದ ಮೇ ತಿಂಗಳ ಅಭ್ಯರ್ಥಿ ಕುರ್ಚಿ ಗೆಲ್ಲುವುದಕ್ಕೆ ಎರಡು ವಾರ ಮೊದಲೇ ಹೋಗಿ, ಅದನ್ನು ಉಳಿಸಿಕೊಳ್ಳಲು ಅರ್ಜಿ ಗುಜರಾಯಿಸಬೇಕು. ಅದಕ್ಕೆ ಮಾತ್ರ ತಾರೀಖು, ಗಂಟೆ ಎಲ್ಲವೂ ಕಾನೂನಿನಂತೆ ಗೊತ್ತಾಗಿದೆ. ಒಂದು ನಿಮಿಷ ತಡವಾದರೂ ತೆಗೆದುಕೊಳ್ಳುವುದಿಲ್ಲ.