ತಿಥಿಯ ಮುಕ್ಕಾಲು

ಡಿಸೆಂಬರ್ ಬಂತೆಂದರೆ ಮುಂಬಯಿಯ ಹಕ್ಕಿ ಗುಂಪುಗಳಲ್ಲಿ ಅದೇ ಪ್ರಶ್ನೆ: "ಫ್ಲೆಮಿಂಗೋ ಬಂದಾಯ್ತಾ? ಎಷ್ಟು ಗಂಟೆಗೆ ಹೋದ್ರೆ ಸಿಗುತ್ವೆ?" ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎಂದರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಇವತ್ತು ಯಾವ ತಿಥಿ ಅಂತ ಕೇಳಬೇಕು. ಕೇಳಿದರೆ ಜನ ತಮಾಷೆ ಅಂದುಕೊಳ್ಳುತ್ತಾರೆ.

ಥಾಣೆ ಊರಿನಿಂದ ಮುಂಬಯಿ ಬಂದರಿನ ತನಕ ಸುಮಾರು 26 ಕಿ.ಮೀ. ಚಾಚಿಕೊಂಡ ಉಪ್ಪುನೀರಿನ ತೋಳು ಥಾಣೆ ಕ್ರೀಕ್. ಮರಾಠಿಯವರ ಬಾಯಲ್ಲಿ ಖಾಡಿ. ಒಂದು ದಡದಲ್ಲಿ ಮುಂಬಯಿ, ಇನ್ನೊಂದರಲ್ಲಿ ನವಿ ಮುಂಬಯಿ. ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವೆ, ಪಶ್ಚಿಮ ದಡದ ಸುಮಾರು 1,690 ಹೆಕ್ಟೇರ್ ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು), ಕೆಸರು, ನೀರು ಸೇರಿಸಿ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯ ಮಾಡಿದರು. 2022ರಲ್ಲಿ ಥಾಣೆ ಕ್ರೀಕ್ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎರಡೂ ಒಳ್ಳೆಯ ಕೆಲಸ. ಆದರೆ ಹೆಸರಲ್ಲೇ ಫ್ಲೆಮಿಂಗೋ, ಅಂದರೆ ರಾಜಹಂಸ, ಕೂತಿರುವುದರಿಂದ ಒಂದು ತೊಂದರೆಯಾಗಿದೆ. ಬಂದವರೆಲ್ಲ ಗುಲಾಬಿ ಬಣ್ಣ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ಅದೇ ರಾಜಹಂಸದ ಕಾಲ ಸಂದಿಯಲ್ಲಿ ಇಲಿಮರಿಗಳ ಹಾಗೆ ಓಡಾಡುವ ಬೂದು ಬಣ್ಣದ ನೂರಾರು ಹಕ್ಕಿಗಳನ್ನು ಕೇಳುವವರೇ ಇಲ್ಲ. ರಾಜಹಂಸ ಬರುವುದು ಹೆಚ್ಚಾಗಿ ಗುಜರಾತಿನ ಕಛ್ ಕಡೆಯಿಂದ. ಕಾಲಬುಡದ ಲಿಟಲ್ ಸ್ಟಿಂಟ್, ತೂಕ 25 ಗ್ರಾಂ ಆಸುಪಾಸು, ಬರುವುದು ಆರ್ಕ್ಟಿಕ್ ಟಂಡ್ರಾದಿಂದ.

ಈಗ ತಿಥಿಯ ಲೆಕ್ಕ. ಹಕ್ಕಿ ಸಿಗುವುದು ಸಮುದ್ರದ ಉಬ್ಬರಕ್ಕೆ ತಕ್ಕಂತೆ, ಉಬ್ಬರ ಬರುವುದು ತಿಥಿಗೆ ತಕ್ಕಂತೆ. ಕೊಂಕಣ ತೀರದ ಮೀನುಗಾರರ ಹಳೆಯ ಸೂತ್ರ ಇದು: ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಚೌತಿ ಅಂದರೆ 4ರ ಮುಕ್ಕಾಲು, 3 ಗಂಟೆ. ಅಷ್ಟಮಿ 6 ಗಂಟೆ. ದ್ವಾದಶಿ 9 ಗಂಟೆ. ಶುಕ್ಲಪಕ್ಷವೋ ಕೃಷ್ಣಪಕ್ಷವೋ, ವ್ಯತ್ಯಾಸವಿಲ್ಲ. ಬೆಳಿಗ್ಗೆ ಒಂದು ಉಬ್ಬರ, ಅದಾಗಿ ಸುಮಾರು ಹನ್ನೆರಡೂವರೆ ಗಂಟೆ ಕಳೆದ ಮೇಲೆ ಇನ್ನೊಂದು, ನಡುವೆ ಆರು ಗಂಟೆ ಚಿಲ್ಲರೆಗೆ ಇಳಿತ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಆದ್ದರಿಂದ ಹೊರಡುವ ಮೊದಲು ಮುಂಬಯಿಯ ಅಪೋಲೋ ಬಂದರಿನ ಉಬ್ಬರ ಪಟ್ಟಿ ನೋಡಿಕೊಳ್ಳಿ. ಕ್ರೀಕಿನ ಒಳಗೆ ಹೋದಂತೆ ನೀರು ಇನ್ನೂ ಸ್ವಲ್ಪ ತಡವಾಗಿ ಬರುತ್ತದೆ. ಆದರೆ ಮುಂದಿನ ತಿಂಗಳ ಯಾವ ಭಾನುವಾರ ಹೋಗಬೇಕು ಅಂತ ಕ್ಯಾಲೆಂಡರ್ ಮುಂದೆ ನಿಂತು ತೀರ್ಮಾನಿಸಲು ಈ ಸೂತ್ರ ಸಾಕು. ಬೆಳಗಿನ ಹೊತ್ತಿಗೆ ದ್ವಾದಶಿಯಿಂದ ಪಾಡ್ಯದವರೆಗಿನ ದಿನಗಳು ಒಳ್ಳೆಯವು. ಅಷ್ಟಮಿ, ನವಮಿ, ದಶಮಿ ಬಿಟ್ಟುಬಿಡಿ. ಆಗ ಉಬ್ಬರವೇ ಸೊರಗಿರುತ್ತದೆ, ಕೆಸರು ಪೂರ್ತಿ ಮುಳುಗುವುದಿಲ್ಲ, ಹಕ್ಕಿಗಳು ಎಲ್ಲೆಂದರಲ್ಲಿ ಚದುರಿರುತ್ತವೆ.

ಹೊಸಬರು ತಪ್ಪುವುದು ಇಲ್ಲೇ. ಕೆಲವರು ತುಂಬಿದ ಉಬ್ಬರಕ್ಕೆ ಬರುತ್ತಾರೆ: ಕಣ್ಣಿಗೆ ಬೀಳುವುದು ಬರೀ ನೀರು, ಎರಡು ಕಡಲಕಾಗೆ. ಕೆಲವರು 'ಕೆಸರು ಹಕ್ಕಿ ಅಂದಮೇಲೆ ಕೆಸರು ಜಾಸ್ತಿ ಇದ್ದಾಗ' ಅಂತ ಪೂರ್ತಿ ಇಳಿತಕ್ಕೆ ಬರುತ್ತಾರೆ: ಹಕ್ಕಿಗಳು ನೀರಿನಂಚನ್ನು ಹಿಂಬಾಲಿಸಿ ದೂರ ಹೋಗಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. ಬೇಕಾದದ್ದು ನೀರು ಏರುತ್ತಿರುವ ಹೊತ್ತು. ಉಬ್ಬರಕ್ಕೆ ಮೂರು ಗಂಟೆ ಮುಂಚೆ ಜಾಗದಲ್ಲಿರಿ. ನೀರು ಒಂದೇ ಸಮ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು. ಹುಣ್ಣಿಮೆ ಅಮಾವಾಸ್ಯೆಯ ಸುತ್ತ ಮುಂಬಯಿಯಲ್ಲಿ ಏರಿಳಿತ 4 ಮೀಟರ್ ಇದ್ದರೆ, ನಡುವಿನ ಎರಡು ಗಂಟೆಗಳಲ್ಲಿ ಗಂಟೆಗೆ ಒಂದೊಂದು ಮೀಟರ್. ಇಳಿಜಾರೇ ಇಲ್ಲದ ಕೆಸರು ಬಯಲಿನ ಮೇಲೆ ಅದು ನೀರು ನಡೆದು ಬಂದ ಹಾಗೆ ಕಾಣುತ್ತದೆ. ಅದರ ಮುಂದೆ ಮುಂದೆ ಹಕ್ಕಿಗಳು ನಿಮ್ಮತ್ತಲೇ ಬರುತ್ತವೆ. ನೀವು ಒಂದು ಹೆಜ್ಜೆಯೂ ಇಡಬೇಕಾಗಿಲ್ಲ. ಇಡಲೂ ಬಾರದು. ಇಲ್ಲಿನ ಕೆಸರು ಮೇಲೆ ಗಟ್ಟಿ ಕಂಡರೂ ಮೊಣಕಾಲಿನ ತನಕ ನುಂಗುತ್ತದೆ, ಕೆಲವೆಡೆ ಸೊಂಟದ ತನಕ. ನೀರೋ ಹಿಂದಿನಿಂದ ಸುತ್ತಿಕೊಂಡು ಬಂದಿರುತ್ತದೆ.

ಇನ್ನೊಂದು ಲೆಕ್ಕ ಬಿಸಿಲಿನದು. ಮುಂಬಯಿ ದಡದ ಶಿವಡಿ ಜೆಟ್ಟಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ನೇರ ಕಣ್ಣಿಗೆ, ಹಕ್ಕಿಗಳೆಲ್ಲ ಕಪ್ಪು ಗೊಂಬೆಗಳು. ಅಲ್ಲಿಗೆ ಮಧ್ಯಾಹ್ನದ ಉಬ್ಬರದ ದಿನ ಹೋಗಬೇಕು, ಅಂದರೆ ತದಿಗೆಯಿಂದ ಸಪ್ತಮಿಯೊಳಗೆ. ಬೆಳಗಿನ ಉಬ್ಬರದ ದಿನ ನವಿ ಮುಂಬಯಿ ದಡ ಸರಿ. ಐರೋಲಿಯಲ್ಲಾಗಲಿ, ಸೀವುಡ್ಸ್ ಹಿಂದಿನ ಜೌಗಿನಲ್ಲಾಗಲಿ ಸೂರ್ಯ ನಿಮ್ಮ ಬೆನ್ನಿಗೆ. ಐರೋಲಿಯ ದೋಣಿ ವಿಹಾರವೂ ಉಬ್ಬರಕ್ಕೆ ತಕ್ಕಂತೆ ಹೊರಡುತ್ತದೆ, ಗಡಿಯಾರಕ್ಕಲ್ಲ. ದೋಣಿಯಲ್ಲಿ ರಾಜಹಂಸ ಚೆನ್ನಾಗಿ ಕಾಣುತ್ತದೆ. ಸಣ್ಣ ಹಕ್ಕಿಗಳಿಗೆ ನನ್ನ ಮತ ದಡಕ್ಕೇ: ತೂಗಾಡುವ ದೋಣಿಯಲ್ಲಿ ಸ್ಟಿಂಟ್‌ನ ಕಾಲಿನ ಬಣ್ಣ ನೋಡಲಾಗದು.

8x42 ಬೈನಾಕ್ಯುಲರ್ ಸಾಕು. ಸ್ಪಾಟಿಂಗ್ ಸ್ಕೋಪ್ ಇದ್ದರೆ ಬಹಳ ಒಳ್ಳೆಯದು, ಆದರೆ 60 ಪಟ್ಟು ದೊಡ್ಡದು ಮಾಡುವ ಆಸೆ ಬೇಡ. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಕಾವಿಗೆ ಎಲ್ಲವೂ ತೇಲಾಡುತ್ತದೆ. 25-30 ಪಟ್ಟಿಗೆ ಇಳಿಸಿದರೆ ಹಕ್ಕಿ ಸಣ್ಣದಾದರೂ ನಿಚ್ಚಳ.

ಮೊದಲ ದಿನವೇ ಹೆಸರು ಹಚ್ಚಲು ಹೊರಟರೆ ತಲೆ ಕೆಡುತ್ತದೆ, ಚಳಿಗಾಲದಲ್ಲಿ ಎಲ್ಲವೂ ಮೇಲೆ ಬೂದು, ಕೆಳಗೆ ಬಿಳಿ. ಬಣ್ಣ ಬಿಟ್ಟು ಊಟದ ಕ್ರಮ ನೋಡಿ. ಸ್ಯಾಂಡ್ ಪ್ಲವರ್ ಕಣ್ಣಿನಿಂದ ಬೇಟೆಯಾಡುತ್ತದೆ. ದಪ್ಪ ತಲೆ, ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ನಾಲ್ಕು ಹೆಜ್ಜೆ ಓಡಿ ಕಲ್ಲಿನಂತೆ ನಿಲ್ಲುತ್ತದೆ. ತಲೆ ಒಂದಿಷ್ಟು ವಾಲಿಸುತ್ತದೆ. ಕೆಲವೊಮ್ಮೆ ಒಂದು ಪಾದವನ್ನು ಕೆಸರಿನ ಮೇಲೆ ಪಟಪಟ ನಡುಗಿಸಿ ಹುಳುವನ್ನು ಕದಲಿಸುತ್ತದೆ. ಆಮೇಲೆ ಒಂದೇ ಕುಕ್ಕು. ಹುಳುವಿನ ತುದಿ ಸಿಕ್ಕರೆ ಜಗ್ಗುವುದಿಲ್ಲ, ರಬ್ಬರಿನ ಹಾಗೆ ಎಳೆಯುತ್ತಾ ಒಂದು ಕ್ಷಣ ತಡೆಯುತ್ತದೆ, ಮತ್ತೆ ಎಳೆಯುತ್ತದೆ. ಅವಸರ ಮಾಡಿದರೆ ಹುಳು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲವರ್ ಎನ್ನುತ್ತಿದ್ದ ಈ ಹಕ್ಕಿಯನ್ನು ಈಗ ಎರಡು ಪ್ರಭೇದ ಮಾಡಿದ್ದಾರೆ. ಮುಂಬಯಿಗೆ ಬರುವುದು ಟಿಬೆಟನ್ ಸ್ಯಾಂಡ್ ಪ್ಲವರ್. ಲಡಾಖ್, ಟಿಬೆಟ್‌ನ ಎತ್ತರದಲ್ಲಿ ಮರಿ ಮಾಡಿ ಸಮುದ್ರದ ಉಪ್ಪು ಕೆಸರಿಗೆ ಇಳಿಯುವ ಜೀವ.

ಪಕ್ಕದಲ್ಲೇ ತಲೆ ಎತ್ತದೆ ಹೊಲಿಗೆ ಮೆಷಿನ್ನಿನ ಹಾಗೆ ಚುಚ್ಚುತ್ತಾ ಹೋಗುವುದು ಸ್ಯಾಂಡ್‌ಪೈಪರ್ ಬಳಗ. ಇವುಗಳಿಗೆ ಕಣ್ಣಿಗಿಂತ ಕೊಕ್ಕಿನ ತುದಿ ಮುಖ್ಯ. ತುದಿಯ ತುಂಬ ಸ್ಪರ್ಶ ಗ್ರಾಹಕಗಳಿವೆ. ಇದೇ ಬಳಗದ ಉದ್ದ ಕೊಕ್ಕಿನ ಗಾಡ್ವಿಟ್, ಕರ್ಲ್ಯೂಗಳು ಕೊಕ್ಕು ಪೂರ್ತಿ ಕೆಸರಲ್ಲಿ ಹೂತಿರುವಾಗಲೇ ತುದಿ ಮಾತ್ರ ತೆರೆದು ಹುಳು ಹಿಡಿಯಬಲ್ಲವು. ಸ್ಟಿಂಟ್‌ನ ಕೊಕ್ಕು 2 ಸೆಂ.ಮೀ. ಒಳಗೆ, ಗಾಡ್ವಿಟ್‌ನದು ಸುಮಾರು 10, ಹೆಣ್ಣು ಕರ್ಲ್ಯೂವಿನದು 15 ತಲುಪುತ್ತದೆ. ಒಂದೇ ಕೆಸರಿನಲ್ಲಿ ಬೇರೆ ಬೇರೆ ಮಹಡಿಯ ಬಾಡಿಗೆದಾರರು. ಇನ್ನು ಟೆರೆಕ್ ಸ್ಯಾಂಡ್‌ಪೈಪರ್ ಅಂತ ಒಂದಿದೆ, ಕಿತ್ತಳೆ ಗಿಡ್ಡ ಕಾಲು, ಮೇಲಕ್ಕೆ ಬಾಗಿದ ಕೊಕ್ಕು. ಏಡಿಯ ಹಿಂದೆ ಲೋಕಲ್ ಟ್ರೇನ್ ತಪ್ಪಿದವರ ಹಾಗೆ ಓಡುತ್ತದೆ. ಅದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ.

ಹಾರಿದಾಗ ಬೆನ್ನು ನೋಡಿ. ರೆಕ್ಕೆಯ ಹಿಂದಿನ ಅಂಚಿಗೆ ಅಗಲ ಬಿಳಿ ಪಟ್ಟಿ ಇದ್ದರೆ ರೆಡ್‌ಶ್ಯಾಂಕ್. ಬೆನ್ನಿನ ಮೇಲೆ ಬಿಳಿ ಬೆಣೆ ಹೊಡೆದಂತಿದ್ದು "ಟ್ಯೂ ಟ್ಯೂ ಟ್ಯೂ" ಎಂದರೆ ಗ್ರೀನ್‌ಶ್ಯಾಂಕ್. ಕಪ್ಪು ಬಾಲ, ರೆಕ್ಕೆಯಲ್ಲಿ ಬಿಳಿ ಗೆರೆ ಇದ್ದರೆ ಬ್ಲಾಕ್-ಟೇಲ್ಡ್ ಗಾಡ್ವಿಟ್. ಬಾಲದ ಬುಡ ಅಚ್ಚ ಬಿಳಿ, ಕೊಕ್ಕು ಕೆಳಕ್ಕೆ ಬಾಗಿದ ಸಣ್ಣ ಹಕ್ಕಿ ಕರ್ಲ್ಯೂ ಸ್ಯಾಂಡ್‌ಪೈಪರ್. ನೋಡಲೆಂದು ನೀವೇ ಹಾರಿಸಬೇಡಿ. ಹದ್ದಿನ ಜಾತಿಯವು ಆ ಕೆಸರಿನ ಮೇಲೆ ಸುತ್ತುತ್ತಲೇ ಇರುತ್ತವೆ, ಆ ಕೆಲಸ ಅವು ಮಾಡಿಕೊಡುತ್ತವೆ. ತಿನ್ನುವುದನ್ನು ಬಿಟ್ಟು ತಲೆ ಎತ್ತಿದವೆಂದರೆ ನೀವು ಹತ್ತಿರ ಬಂದಿರಿ. ಕೂಗಿದವೆಂದರೆ ತಡವಾಯಿತು.

ಎಣಿಕೆಯಲ್ಲೂ ಒಂದು ಬಲೆ ಇದೆ. ಹತ್ತು ಹಕ್ಕಿ ಎಣಿಸಿ ಆ ಗಾತ್ರ ಕಣ್ಣಿಗೆ ಕೂರಿಸಿಕೊಳ್ಳುವುದು, ಅದರಿಂದ ನೂರರ ತುಂಡು, ನೂರರಿಂದ ಇಡೀ ಹಿಂಡು, ಇದು ಎಲ್ಲರಿಗೂ ಗೊತ್ತು. ಮರೆಯುವುದು ನೀರನ್ನು. ಏರುವ ನೀರಿಗೆ ಒಂದೇ ಹಿಂಡು ಎಡದಿಂದೆದ್ದು ಬಲಕ್ಕೆ ಕೂರುತ್ತದೆ, ಎರಡು ಸಲ ಎಣಿಕೆಯಾಗುತ್ತದೆ. ಅದಕ್ಕೇ ಸಂಖ್ಯೆಯ ಪಕ್ಕ ಸಮಯವನ್ನೂ ಉಬ್ಬರದ ಹೊತ್ತನ್ನೂ ಬರೆಯದ ಪಟ್ಟಿಗೆ ಬೆಲೆ ಕಮ್ಮಿ. ಕಾಲಲ್ಲಿ ಬಣ್ಣದ ಫ್ಲ್ಯಾಗ್ (ಸಂಶೋಧಕರು ಗುರುತಿಗೆ ತೊಡಿಸಿದ ಪಟ್ಟಿ) ಕಂಡರೆ ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಎರಡಿದ್ದರೆ ಮೇಲಿನ ಬಣ್ಣ ಯಾವುದು, ಅಕ್ಷರ ಏನು ಎಂದು ಅಲ್ಲೇ ಬರೆದುಕೊಳ್ಳಿ. ಬಣ್ಣಗಳ ಜೋಡಿಯೇ ಅದನ್ನು ಎಲ್ಲಿ ತೊಡಿಸಿದರು ಎನ್ನುವ ವಿಳಾಸ. ಮೇಲುಕೆಳಗು ಮಾಡಿದರೆ ಹಕ್ಕಿ ಬೇರೆ ದೇಶದ್ದಾಗಿಬಿಡುತ್ತದೆ. ಕಳಿಸಬೇಕಾದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ (ಬಿಎನ್‌ಎಚ್‌ಎಸ್).

ಇಷ್ಟೆಲ್ಲ ಹೇಳಿದ್ದು ಒಂದು ಪ್ರಶ್ನೆಗೆ ಬರಲಿಕ್ಕೆ. ಕೆಸರು ಪೂರ್ತಿ ಮುಳುಗಿದ ಆ ಎರಡು ಮೂರು ಗಂಟೆ ಈ ಸಾವಿರಾರು ಹಕ್ಕಿಗಳು ಎಲ್ಲಿರುತ್ತವೆ?

ಅವಕ್ಕೆ ಬಾತಿನ ಹಾಗೆ ತೇಲಿಕೊಂಡು ವಿಶ್ರಾಂತಿ ತೆಗೆದುಕೊಳ್ಳುವ ಅಭ್ಯಾಸವಿಲ್ಲ. ಕಾಂಡ್ಲಾದ ಪೊದೆಯೊಳಗೆ ನುಗ್ಗುವುದೂ ಇಲ್ಲ, ಹಾಗೆ ನುಗ್ಗಿದರೆ ಹದ್ದು ಬರುವುದು ಕಾಣುವುದಿಲ್ಲ. ಬೇಕಾದದ್ದು ನಾಲ್ಕೂ ಕಡೆ ಬಯಲಾದ, ಕಣಕಾಲು ಮುಳುಗುವಷ್ಟೇ ನೀರಿರುವ ಜಾಗ. ಸ್ಟಿಂಟ್‌ನ ಕಣಕಾಲು ಅಂದರೆ ಎರಡು ಸೆಂ.ಮೀ. ಮಾತು. ಅಂಥವು ಭಾಂಡುಪ್ ಪಂಪಿಂಗ್ ಸ್ಟೇಷನ್ ಬಳಿಯ ಹೊಂಡಗಳು, ಸೀವುಡ್ಸ್ ಕಡೆಯ ಟಿ.ಎಸ್. ಚಾಣಕ್ಯ, ಎನ್‌ಆರ್‌ಐ ಎಂದು ಕರೆಯುವ ಜೌಗುಗಳು, ಉರಣ್ ಕಡೆ ಪಾಂಜೆ. ಇವೆಲ್ಲ ಆ 1,690 ಹೆಕ್ಟೇರಿನ ಆಚೆ. ಹಕ್ಕಿಗೆ ಊಟದ ಮನೆ ಅಭಯಾರಣ್ಯದೊಳಗೆ, ಮಲಗುವ ಕೋಣೆ ರಿಯಲ್ ಎಸ್ಟೇಟ್ ಬಾಜಾರಿನೊಳಗೆ.

ಮಲಗುವ ಕೋಣೆ ಕೆಡಿಸಲು ಮಣ್ಣು ತುಂಬಲೇಬೇಕೆಂದಿಲ್ಲ. ಉಬ್ಬರದ ನೀರು ಒಳಬರುವ ಪೈಪನ್ನೋ ಕಾಲುವೆಯನ್ನೋ ಮುಚ್ಚಿದರೆ ಸಾಕು. ಒಂದೋ ಜೌಗು ಒಣಗಿ ಬಿರುಕು ಬಿಡುತ್ತದೆ, ಇಲ್ಲವೇ ನಿಂತ ನೀರಿಗೆ ಪಾಚಿ ಕಟ್ಟುತ್ತದೆ. 'ಅಭಿವೃದ್ಧಿ' ಎಂದು ಆಳ ಮಾಡಿ ಅಂಚಿಗೆ ಕಲ್ಲು ಕಟ್ಟಿದರೂ ಫಲ ಅದೇ, ಎರಡು ಸೆಂ.ಮೀ. ನೀರಿನ ಜಾಗವೇ ಇಲ್ಲ. ಬೆಂಗಳೂರಿನ ಕೆರೆಗಳನ್ನು ಬಟ್ಟಲು ಮಾಡಿದ ಮೇಲೆ ಅಂಚಿನ ಕೆಸರಿನ ಹಕ್ಕಿಗಳು ಯಾಕೆ ಕಮ್ಮಿಯಾದವು ಎನ್ನುವವರಿಗೂ ಇದೇ ಉತ್ತರ.

ಇನ್ನೊಂದು ಮಾತು ಹೇಳಿದರೆ ಗೆಳೆಯರಿಗೇ ಸಿಟ್ಟು ಬರುತ್ತದೆ. ಕಾಂಡ್ಲಾ ಸಸಿ ನೆಡುವುದನ್ನು ಎಲ್ಲೆಂದರಲ್ಲಿ ಪುಣ್ಯಕಾರ್ಯ ಎಂದುಕೊಳ್ಳಬೇಡಿ. ಹೂಳು ತುಂಬಿ ಕ್ರೀಕಿನಲ್ಲಿ ಕಾಂಡ್ಲಾ ತಾನಾಗಿಯೇ ಕೆಸರಿನ ಮೇಲೆ ಮುಂದುವರಿಯುತ್ತಿದೆ. ಖಾಲಿ ಕಂಡ ಕೆಸರು ಖಾಲಿಯಲ್ಲ, ಅದು ಉಣ್ಣುವ ಎಲೆ. ಎಲೆಯ ಮೇಲೆ ಗಿಡ ನೆಟ್ಟರೆ ಊಟ ಎಲ್ಲಿ? ಕಾಂಡ್ಲಾಕ್ಕೆ ಕೋರ್ಟು, ಕಾನೂನು, ಫೋಟೋ ಎಲ್ಲ ಇದೆ. ಬೋಳು ಕೆಸರಿನ ಪರ ಮಾತಾಡುವವರು ಕಡಿಮೆ.

2024ರಲ್ಲಿ ರಾಮ್ಸಾರ್ ಪಟ್ಟಿಗೆ ಬಂದ ನಮ್ಮ ಅಘನಾಶಿನಿ ಅಳಿವೆಗೂ ಇದನ್ನು ಅನ್ವಯಿಸಬಹುದು. ಅಲ್ಲಿ ಭರತ ಇಳಿತ ಮುಂಬಯಿಯಷ್ಟು ದೊಡ್ಡದಲ್ಲ, ಕೆಸರು ತೆರೆಯುವ ಹೊತ್ತು ಜಾಗ ಎರಡೂ ಕಿರಿದು. ಹಾಗಾಗಿ ಉಪ್ಪುನೀರು ಹರಿಯುವ ಪ್ರತಿ ಗಜನಿ ಗದ್ದೆಯ ಅಂಚೂ ಲೆಕ್ಕಕ್ಕೆ ಬರುತ್ತದೆ. ತೂಬು ಯಾವಾಗ ತೆರೆಯುತ್ತಾರೆ ಎಂದು ಊರವರನ್ನು ಕೇಳಿಕೊಂಡು ಹೋಗಿ.

ಚಳಿಗಾಲವೇ ಬೇಕೆಂದೂ ಇಲ್ಲ. ಏಪ್ರಿಲ್ ಕೊನೆಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ಇಟ್ಟಿಗೆ ಕೆಂಪಿಗೆ ತಿರುಗಿ, ತಿಂದು ದುಂಡಗಾಗಿ, ಸೈಬೀರಿಯಕ್ಕೆ ಹೊರಡುವ ತಯಾರಿಯಲ್ಲಿರುತ್ತವೆ. ಜುಲೈ ಕೊನೆಗೆ ದೊಡ್ಡವು ವಾಪಸ್ ಬರಲು ಶುರು, ಮರಿಗಳು ಆಮೇಲೆ ತಾವೇ ದಾರಿ ಹುಡುಕಿಕೊಂಡು ಬರುತ್ತವೆ. ಆಗ ಮಳೆ, ರಾಜಹಂಸಗಳೂ ಹೆಚ್ಚಿಲ್ಲ, ಜೆಟ್ಟಿಯ ಮೇಲೆ ನರಪಿಳ್ಳೆ ಇರುವುದಿಲ್ಲ. ನಾಗರಪಂಚಮಿಯ ದಿನ ಲೆಕ್ಕ ಹಾಕಿ: 5ರ ಮುಕ್ಕಾಲು, ಮೂರೂಮುಕ್ಕಾಲಿಗೆ ಉಬ್ಬರ. ಒಂದು ಗಂಟೆಗೆ ಹಾರ್ಬರ್ ಲೈನಿನಲ್ಲಿ ಶಿವಡಿಗೆ ಇಳಿದು, ಕೊಡೆ ಹಿಡಿದು ಜೆಟ್ಟಿಗೆ ನಡೆದರೆ ನೀರು ಆಗಷ್ಟೇ ಏರುತ್ತಿರುತ್ತದೆ. ಮೋಡ ಹರಿದರೆ ಬಿಸಿಲು ಬೆನ್ನ ಹಿಂದೆ. ಎದುರಿನ ಕೆಸರಿನಲ್ಲಿ ಅರ್ಧ ಮಾಸಿದ ಕೆಂಪು ಅಂಗಿ ತೊಟ್ಟವು ಇದ್ದರೆ, ಅವು ಟಂಡ್ರಾದಿಂದ ಈಗಷ್ಟೇ ಬಂದವು.